ಎಡಗಾಲಿನ ಅಭ್ಯಾಸ

ಗಂಡ ಮನೆ ಬಿಟ್ಟು ಹೋದ ಮೇಲೂ ಆ ಮನೆಯಲ್ಲಿ ಸೊಸೆ ಸೊಸೆಯಾಗಿಯೇ ಉಳಿದಳು, ಅತ್ತೆ ಅತ್ತೆಯಾಗಿಯೇ ಉಳಿದರು. ನಡುವಿನ ಕೊಂಡಿಯೇ ಕಳಚಿಕೊಂಡು ಹೋಗಿದ್ದರೂ ಇಬ್ಬರಿಗೂ ಬೇರೆ ಹೋಗಲು ಜಾಗವಿರಲಿಲ್ಲ. ಜಾಗವಿದ್ದಿದ್ದರೂ ಹೋಗುವಷ್ಟು ತ್ರಾಣ ಇರಲಿಲ್ಲ. ಅಕ್ಕಪಕ್ಕದವರು ಒಂದಷ್ಟು ದಿನ ಬಾಯಿಗೆ ಬಂದಂತೆ ಆಡಿಕೊಂಡರು. ಆಮೇಲೆ ಅವರಿಗೂ ಬೇಜಾರಾಗಿ ಇನ್ನೊಂದು ಮನೆಯ ಸುದ್ದಿ ಹಿಡಿದರು.

ಅವನು ಹೋದದ್ದಾದರೂ ಎಂಥ ರೀತಿ ಅನ್ನುತ್ತೀರಿ! ಅವನು ಎಲೆಕ್ಟ್ರಿಷಿಯನ್. ಏಣಿಯ ಮೇಲಿಂದ ಬಿದ್ದು ಎಡತೊಡೆ ಮುರಿದುಕೊಂಡಾಗ, ಇನ್ನು ಇವನು ನೆಟ್ಟಗೆ ನಡೆದ ಹಾಗೆಯೇ ಎಂದು ಎಲ್ಲರೂ ಕೈ ಚೆಲ್ಲಿದ್ದರು. ಡಾಕ್ಟರು ಒಳಗೊಂದು ಕಂಬಿ ಕೂರಿಸಿ ಮನೆಗೆ ಕಳಿಸಿದರು. ಸೊಸೆ ತಾನು ದುಡಿಯುತ್ತಿದ್ದ ಸ್ಟೇಷನರಿ ಅಂಗಡಿಯ ಕೆಲಸ ಬಿಟ್ಟಳು. ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಬೆಳಗ್ಗೆ ಸಂಜೆ ಎಣ್ಣೆ ಬೆಚ್ಚಗೆ ಮಾಡಿ ಆ ಕಾಲನ್ನು ತಿಕ್ಕಿದಳು. ಹೀಗೆ ನಾಲ್ಕು ವರ್ಷ. ಕಾಲು ಮೊದಲು ಮಡಚಿತು, ಆಮೇಲೆ ಭಾರ ತಡೆಯಿತು, ಆಮೇಲೆ ಹೆಜ್ಜೆ ಹಾಕಿತು. ನಡಿಗೆ ರೂಢಿಯಾಗಲಿ ಎಂದು, ತಿಕ್ಕುವ ಎಣ್ಣೆ ತರಲು ಬೀದಿ ತುದಿಯ ಔಷಧಿ ಅಂಗಡಿಗೆ ಅವನನ್ನೇ ಕಳಿಸತೊಡಗಿದಳು. ಹೋಗಿ ಬರುವುದು ದಿನೇ ದಿನೇ ತಡವಾಯಿತು. ಪಾಪ, ಕಾಲಿಗೆ ಇನ್ನೂ ಬಲ ಬಂದಿಲ್ಲ ಎಂದು ಇವಳು ಇನ್ನಷ್ಟು ತಿಕ್ಕಿದಳು. ಒಂದು ದಿನ ಎಣ್ಣೆಗೆಂದು ಹೋದವನು ಬರಲೇ ಇಲ್ಲ. ಔಷಧಿ ಅಂಗಡಿಯವಳ ಮನೆಯಲ್ಲಿ ಉಳಿದುಬಿಟ್ಟಿದ್ದ.

"ನಿನ್ನ ಕೈಗುಣ ಚೆನ್ನಾಗಿದೆ ಕಣೇ," ಎಂದರು ಅತ್ತೆ, ಮಗನ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತ. "ಸ್ವಲ್ಪ ಜಾಸ್ತಿಯೇ ಚೆನ್ನಾಗಿದೆ."

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಸುಸ್ತಾಗಿತ್ತು. ಮಾರನೆಯ ದಿನ ಬೆಳಗ್ಗೆ ಎದ್ದವಳು ಯೋಚನೆಯೇ ಇಲ್ಲದೆ ಎಣ್ಣೆ ಬೆಚ್ಚಗೆ ಮಾಡಿದಳು. ಬಟ್ಟಲು ಹಿಡಿದುಕೊಂಡು ಮಂಚದ ಹತ್ತಿರ ಬಂದು, ಖಾಲಿ ಹಾಸಿಗೆ ನೋಡುತ್ತ ಬೆಪ್ಪಾಗಿ ನಿಂತಳು. ಅದರ ಮಾರನೆಯ ದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಅತ್ತೆಗೆ ನೋಡಲಾಗಲಿಲ್ಲ. ಅದೇ ಮಂಚದ ಮೇಲೆ ಕೂತು ತಮ್ಮ ಕಾಲು ಚಾಚಿ, "ತಿಕ್ಕು. ಎಣ್ಣೆ ದಂಡ ಆಗ್ತಾ ಇದೆ," ಎಂದರು. ಮದುವೆಯಾಗಿ ಬಂದಾಗಿನಿಂದ ಸೊಸೆಯ ಕೈಲಿ ಒಂದು ಲೋಟ ನೀರನ್ನೂ ನಗುಮುಖದಲ್ಲಿ ಇಸಿದುಕೊಳ್ಳದ ಹೆಂಗಸು ಅವರು.

ಟೈರ್ ಅಂಗಡಿಯ ಮೇಲ್ಮಹಡಿಯಲ್ಲಿ ಮೈಕೈ ನೋವಿಗೆ ಮಸಾಜ್ ಮಾಡುವ ಕೇಂದ್ರವೊಂದಿದೆ, ಅಲ್ಲಿಗೆ ಜನ ಬೇಕಾಗಿದ್ದಾರೆ, ಕೆಲಸ ಅವರೇ ಕಲಿಸುತ್ತಾರೆ ಎಂಬ ಸುದ್ದಿ ತಂದದ್ದೂ ಅವರೇ. ವಿಷಯ ಕೇಳಿದ ಸೊಸೆಯ ಅಣ್ಣ ಫೋನಿನಲ್ಲೇ ಹಾರಾಡಿದ. "ಮಸಾಜ್ ಅಂದ್ರೆ ಜನ ಏನಂದ್ಕೋತಾರೆ ಗೊತ್ತಾ ನಿಂಗೆ?"

ಅತ್ತೆ ಫೋನು ಕಸಿದುಕೊಂಡರು. "ಜನ ಏನೇನಂದ್ಕೋತಾರೆ ಅಂತ ನೀವು ಚೆನ್ನಾಗಿ ನೆನಪಿಟ್ಕೊಂಡಿರಿ. ನಮಗೆ ಬಿಡುವಾದಾಗ ಕೇಳಿಸ್ಕೋತೀವಿ," ಎಂದು ಇಟ್ಟುಬಿಟ್ಟರು.

ಕೇಂದ್ರದ ಯಜಮಾನಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಹೆಸರಿಗೆ ದೊಡ್ಡಕ್ಕ, ಆಳು ಗಾಳಿಗೆ ಹಾರಿಹೋಗುವಷ್ಟು ಸಣಕಲು. ಆದರೆ ಆಕೆ ಮೊಣಕೈ ಊರಿದರೆ ಎಂಥ ಘಟಾನುಘಟಿಯ ಬೆನ್ನೂ ಅಯ್ಯೋ ಅನ್ನುತ್ತಿತ್ತು. ಪರದೆ ಕಟ್ಟಿ ಬೇರೆ ಮಾಡಿದ ನಾಲ್ಕು ಟೇಬಲ್ಲು, ಟವೆಲ್ಲು ಒಣಗಿಸುವ ಒಂದು ಕೋಣೆ, ಎಣ್ಣೆಯ ಬಟ್ಟಲುಗಳನ್ನು ಬಿಸಿನೀರಿನಲ್ಲಿ ಕೂರಿಸುವ ಒಂದು ಅಗಲ ಪಾತ್ರೆ. ಕೆಳಗಿನಿಂದ ಹಗಲಿಡೀ ರಬ್ಬರಿನ ವಾಸನೆ. ಗಂಡಸರಿಗೆ ಪೈಲ್ವಾನ ಎಂಬ ಅಡ್ಡಹೆಸರಿನ, ಮಾತೇ ಆಡದ ದಪ್ಪ ಮನುಷ್ಯ. ಹೆಂಗಸರಿಗೆ ದೊಡ್ಡಕ್ಕ ಮತ್ತು ಈಗ ಸೊಸೆ. ಮೂರು ತಿಂಗಳು ನೋಡುತ್ತೇನೆ, ಕೈ ಪಳಗಿದರೆ ಕಾಯಂ, ಇಲ್ಲವಾದರೆ ನಮಸ್ಕಾರ ಎಂದು ದೊಡ್ಡಕ್ಕ ಮೊದಲ ದಿನವೇ ಹೇಳಿಬಿಟ್ಟಿದ್ದಳು.

ನಾಲ್ಕು ವರ್ಷ ತಿಕ್ಕಿದವಳಿಗೆ ಇದೇನು ಮಹಾ ಅಂದುಕೊಂಡೇ ಸೊಸೆ ಹೋಗಿದ್ದಳು. ಜಂಬ ಒಂದೇ ವಾರದಲ್ಲಿ ಇಳಿಯಿತು. ಸಂಜೆಯ ಹೊತ್ತಿಗೆ ಹೆಬ್ಬೆರಳು ಊದಿಕೊಂಡು ಮನೆಯ ಬೀಗ ತೆಗೆಯಲೂ ಬಾರದು. ಪಾದ ಸೀದು ಹೋದ ಹಾಗೆ. ಹಗಲೆಲ್ಲ ಊರಿನವರ ಮೈ ಮುಟ್ಟಿ ಸಾಕಾಗಿ, ಬಸ್ಸಿನಲ್ಲಿ ಪಕ್ಕದವರ ಭುಜ ತಗುಲಿದರೂ ಸಿಡಿಮಿಡಿ ಎನ್ನುವಂತಾಯಿತು. ಆದರೆ ಅದಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಅದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಹೊಲಿಗೆ ಕಾರ್ಖಾನೆಯ ಒಬ್ಬ ಹೆಂಗಸು.

"ಅಲ್ಲಮ್ಮ, ನನಗೆ ನೋವಿದ್ದದ್ದು ಬಲಭುಜ," ಎಂದಳು ಆಕೆ, ಟೇಬಲ್ಲಿನಿಂದ ಇಳಿದು ಒಂದು ಸುತ್ತು ನಡೆದು ನೋಡಿ. "ಅದು ಹಾಗೇ ಇದೆ. ಎಡಗಾಲು ಮಾತ್ರ ಓಟದ ಪಂದ್ಯಕ್ಕೆ ರೆಡಿಯಾಗಿದೆ."

ಪರದೆಯಾಚೆ ದೊಡ್ಡಕ್ಕನ ಕಿವಿ ನೆಟ್ಟಗಾಯಿತು. ಅವತ್ತು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಾನೇ ಟೇಬಲ್ಲಿನ ಮೇಲೆ ಬೋರಲು ಮಲಗಿ, ಟೇಬಲ್ಲಿನ ತಲೆಯ ಕಡೆ ಮುಖ ಇಡಲೆಂದೇ ಕೊರೆದಿದ್ದ ತೂತಿಗೆ ಮುಖ ಇಟ್ಟು, "ಮಾಡು, ನೋಡೋಣ," ಎಂದಳು. ಸೊಸೆ ಮಾಡಿದಳು. ತುಂಬ ಶ್ರದ್ಧೆಯಿಂದಲೇ ಮಾಡಿದಳು. ಮುಗಿದ ಮೇಲೆ ದೊಡ್ಡಕ್ಕ ಎದ್ದು ಕೂತು, ಟವೆಲ್ಲು ಸುತ್ತಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

"ಯಾರ ಮೈ ಇದು?"

"ನಿಮ್ಮದೇ ಅಕ್ಕ."

"ಅಲ್ಲ. ನನ್ನ ಎಡತೊಡೆ ಒಳಗೆ ಏನೋ ಇದೆ ಅನ್ನೋ ಹಾಗೆ ಹೆದರಿ ಹೆದರಿ ಸುತ್ತು ಹಾಕ್ದೆ. ಮೊಣಕಾಲಿನ ಕೆಳಗೆ ಬಂದ್ಮೇಲೆ ಜೋರು ಮಾಡ್ದೆ. ಬಲಗಾಲಿಗೆ ಎಣ್ಣೆ ಸವರಿ ಬಿಟ್ಟೆ. ನೀನು ಯಾರನ್ನೋ ಒಬ್ಬನ್ನೇ ತಿಕ್ಕೋದು. ಯಾರು ಬಂದು ಮಲಗಿದ್ರೂ ಅವನನ್ನೇ ತಿಕ್ಕೋದು."

ಸೊಸೆಗೆ ಬಟ್ಟೆ ಬಿಚ್ಚಿ ನಿಲ್ಲಿಸಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವಳು ಇದ್ದದ್ದನ್ನೆಲ್ಲ ಹೇಳಿದಳು. ದೊಡ್ಡಕ್ಕ ಅಯ್ಯೋ ಪಾಪ ಅನ್ನಲಿಲ್ಲ, ಅವನಿಗೆ ಬಯ್ಯಲೂ ಇಲ್ಲ. "ಮೂರು ತಿಂಗಳು ಮುಗಿಯೋದ್ರೊಳಗೆ ಅವನನ್ನ ಕೈಯಿಂದ ಇಳಿಸು," ಎಂದಳು. "ಮನಸ್ಸಿನಲ್ಲಿ ಬೇಕಾದ್ರೆ ಇಟ್ಕೋ, ಅದು ನಿನ್ನಿಷ್ಟ. ಕೈಯಲ್ಲಿ ಇಟ್ಕೊಂಡ್ರೆ ನನಗೆ ಕೆಲಸಕ್ಕೆ ಬರಲ್ಲ."

ಹೇಳುವುದು ಸುಲಭ. ಕೈಗೆ ಬುದ್ಧಿ ಕಲಿಸುವುದು ಹೇಗೆ? ಸೊಸೆ ಮನೆಯಲ್ಲಿ ಅತ್ತೆಯನ್ನೇ ಮಲಗಿಸಿ ಅಭ್ಯಾಸ ಮಾಡತೊಡಗಿದಳು. ಬಲಗಾಲಿನಿಂದ ಶುರು ಮಾಡಿದಳು, ಭುಜದಿಂದ ಶುರು ಮಾಡಿದಳು. ದೊಡ್ಡಕ್ಕ ಹೇಳಿದಂತೆ ಮೊದಲು ಬೆನ್ನಿನ ಮೇಲೆ ಅಂಗೈ ಇಟ್ಟು, ಉಸಿರು ಹತ್ತಿ ಇಳಿಯುವುದನ್ನು ನೋಡಿ, ಆಮೇಲೆ ಕೈ ಆಡಿಸಿದಳು. ಅಲ್ಲಿಯೇ ಇನ್ನೊಂದು ಪೀಕಲಾಟ. ಅವನು ಹೆಚ್ಚುಕಡಿಮೆ ತಾಯಿಯ ಅಚ್ಚು. ಅದೇ ಉದ್ದ ಮೊಣಕಾಲು, ಅದೇ ಹೊರಗೆ ಉಬ್ಬಿದ ಹಿಮ್ಮಡಿಯ ಮೂಳೆ, ಮೀನಖಂಡದಲ್ಲಿ ಅದೇ ಬಿಗಿ. ಒಂದು ಸಂಜೆ ಆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದವಳು ಬಿಡಲಾರದೆ ಕೂತುಬಿಟ್ಟಳು. ಕಣ್ಣಿಂದ ನೀರು ತೊಟ್ಟಿಕ್ಕಿ ಎಣ್ಣೆಯ ಜೊತೆ ಬೆರೆಯಿತು.

ಅತ್ತೆ ಬೋರಲು ಮಲಗಿದ್ದವರು ತಲೆ ಎತ್ತಲಿಲ್ಲ. "ನನ್ನ ಮಗನ ಕಾಲು ಹುಡುಕ್ಬೇಡ ಕಣೇ," ಎಂದರು ದಿಂಬಿನೊಳಗಿಂದ. "ಇದು ನನ್ನ ಕಾಲು. ನನಗೂ ನೋವಿದೆ."

ಆ ಮಾತು ಸೊಸೆಗೆ ತಟ್ಟಿತು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಈ ಹೆಂಗಸಿಗೆ ಎಲ್ಲಿ ನೋವು ಎಂದು ತಾನು ಒಮ್ಮೆಯೂ ಕೇಳಿರಲಿಲ್ಲ. ಅವತ್ತು ಕೇಳಿದಳು. ಕತ್ತಿನಿಂದ ಶುರುವಾದ ಅತ್ತೆಯ ನೋವಿನ ಕಥೆ ಮೊಣಕೈಗೆ ಬರುವಷ್ಟರಲ್ಲಿ ಒಲೆಯ ಮೇಲಿಟ್ಟ ಅನ್ನ ತಳ ಹತ್ತಿತು. ಅದಕ್ಕೂ ಸೊಸೆಗೇ ಬಯ್ಗುಳ.

ಅಲ್ಲಿಂದ ಮುಂದೆ ಕೈ ನಿಧಾನವಾಗಿ ದಾರಿಗೆ ಬಂತು. ಹೊಲಿಗೆ ಕಾರ್ಖಾನೆಯವಳು ಮತ್ತೆ ಬಂದಳು. ಬರುವಾಗ ಜೊತೆಯಲ್ಲಿ ಇನ್ನಿಬ್ಬರನ್ನು ಕರೆತಂದಳು. ದೊಡ್ಡಕ್ಕ ಹೊಗಳುವ ಜಾಯಮಾನದವಳಲ್ಲ. ಆದರೆ ಪರದೆಯಾಚೆಯಿಂದ ಕಿವಿಗೊಡುವುದನ್ನು ನಿಲ್ಲಿಸಿದಳು. ಖುಷಿಪಡಬೇಕಾದ ಹೊತ್ತಿನಲ್ಲಿ ಸೊಸೆಗೆ ನಿದ್ದೆ ಬರುತ್ತಿತ್ತು. ಹಳೆಯ ಬಳಲಿಕೆ ಅದು, ಭಾನುವಾರ ಇಡೀ ಮಲಗಿದರೂ ಹೋಗುವಂಥದ್ದಲ್ಲ.

ಮೂರು ತಿಂಗಳು ಮುಗಿಯುತ್ತ ಬಂದಾಗ ಅವನ ಫೋನು ಬಂತು. ಅವಳಿಗಲ್ಲ, ತಾಯಿಗೆ. ಅತ್ತೆ ಎರಡು ದಿನ ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದರು. ಆಮೇಲೆ ಟೀ ಲೋಟ ಕೆಳಗಿಡುತ್ತ, ಯಾವುದೋ ದೂರದ ಊರಿನ ಹವಾಮಾನ ಹೇಳುವವರ ಹಾಗೆ ಹೇಳಿದರು.

"ಕಾಲು ಮತ್ತೆ ನೋಯುತ್ತಂತೆ ಅವನಿಗೆ. ಮಗ್ಗುಲು ಬದಲಾಯಿಸೋಕೂ ಆಗಲ್ವಂತೆ. ಅವಳಿಗೆ ತಿಕ್ಕೋದಕ್ಕೆ ಬರಲ್ವಂತೆ. ಅಂಗಡಿಯಿಂದ ಮಾತ್ರೆ ತಂದುಕೊಟ್ಟು ನುಂಗಿ ಮಲಗು ಅಂತಾಳಂತೆ. ನಾನೇನೂ ಹೇಳಲ್ಲಮ್ಮ. ನೀನುಂಟು ಅವನುಂಟು." ಲೋಟವನ್ನು ಆಚೆ ಸರಿಸಿ, "ಬಂದು ಇಲ್ಲೇ ಇರ್ತೀನಿ ಅಂದ," ಎಂದೂ ಸೇರಿಸಿದರು. ಹೆತ್ತ ಕರುಳು, ಮಗ ಎಂಥವನೆಂದು ಗೊತ್ತಿದ್ದರೂ ಅವರ ಮುಖ ಆ ಎರಡು ದಿನದಲ್ಲಿ ಎಳೆಯದಾಗಿತ್ತು.

ನಿಜ ಹೇಳಬೇಕೆಂದರೆ ಸೊಸೆಗೆ ಖುಷಿಯಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳಿಗೆ ಬರಲ್ವಂತೆ ಎಂಬ ಮಾತು ಬೆಲ್ಲದ ಚೂರಿನಂತೆ ನಾಲಿಗೆಯ ಮೇಲೆ ಕರಗಿತು. ತನ್ನ ಕೈಯೇ ಬೇಕಂತೆ! ಅವನು ಬಂದರೆ ಮತ್ತೆ ಬೆಳಗ್ಗೆ ಸಂಜೆ ಆ ಕಾಲು, ಆ ಮಂಚ. ಟೈರ್ ಅಂಗಡಿಯ ಮೆಟ್ಟಿಲು ಹತ್ತುವುದು ತಪ್ಪುತ್ತದೆ, ಊದಿದ ಹೆಬ್ಬೆರಳು ತಪ್ಪುತ್ತದೆ. ಅಷ್ಟು ದಣಿದವಳಿಗೆ ಅದೂ ಒಂದು ವಿಶ್ರಾಂತಿಯಂತೆ ಕಂಡಿತು. ಹೀಗೆ ಖುಷಿಪಡುವ ತನ್ನ ಮೇಲೆಯೇ ಹೇಸಿಗೆಯೂ ಆಯಿತು.

ಕೇಂದ್ರದಲ್ಲಿ ಅವಳ ಮುಖ ನೋಡಿಯೇ ದೊಡ್ಡಕ್ಕ ವಿಷಯ ಹೊರಗೆಳೆದಳು. "ಹೋಗೋದಾದ್ರೆ ಹೋಗು, ನಾನು ತಡೆಯಲ್ಲ," ಎಂದಳು. "ಆದ್ರೆ ಮಂಗಳವಾರದೊಳಗೆ ಹೇಳ್ಬಿಡು. ಇನ್ನೊಬ್ಬಳು ಕಾಯ್ತಿದ್ದಾಳೆ. ಅರ್ಧ ಇಲ್ಲಿ ಅರ್ಧ ಅಲ್ಲಿ ಅನ್ನೋ ಆಟ ನನ್ನ ಹತ್ರ ನಡೆಯಲ್ಲ."

ಭಾನುವಾರ ಮಧ್ಯಾಹ್ನ ಅವನು ಬಂದ. ಮೈಕೈ ತುಂಬಿಕೊಂಡಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡ. ತಾಯಿ ಕಣ್ಣೊರೆಸಿಕೊಂಡು ಒಳಗೆ ಟೀ ಮಾಡಲು ಹೋದರು. ಅವನು ಹೆಂಡತಿಯ ಮುಖ ನೋಡದೆ, ನಿನ್ನೆ ತಾನೇ ಎದ್ದು ಹೋದವನಂತೆ ತನ್ನ ಮಂಚಕ್ಕೆ ಹೋಗಿ ಎಡಗಾಲು ಚಾಚಿದ.

"ಇಲ್ಲೇ ಕಣೇ. ಅದೇ ಜಾಗ. ನಿನ್ನ ಕೈ ಬಿದ್ರೆ ಸಾಕು."

"ಬೋರಲು ಮಲಗ್ರಿ," ಎಂದಳು ಸೊಸೆ.

"ಬೋರಲಾ? ಯಾಕೆ?"

"ಮಲಗ್ರಿ ಅಂದ್ರೆ."

ಮಲಗಿದ. ಅವಳು ಬೆನ್ನಿನ ಮೇಲೆ ಅಂಗೈ ಇಟ್ಟು ಉಸಿರು ನೋಡಿದಳು. ಎಡಗಾಲು ಒತ್ತಿದಳು, ಕಂಬಿಯ ಸುತ್ತ ಮಾಂಸ ಗಟ್ಟಿಯಾಗಿ, ಚೆನ್ನಾಗಿ ತುಂಬಿಕೊಂಡಿತ್ತು. ತನ್ನ ಕೈಯ ಕೆಲಸ ಅದು, ಎಷ್ಟು ಚೆನ್ನಾಗಿ ಆಗಿದೆ ಎಂದು ಒಂದು ಗಳಿಗೆ ಹೆಮ್ಮೆಯಾಯಿತು. ಆಮೇಲೆ ಬಲಗಡೆಗೆ ಬಂದಳು. ಸೊಂಟದ ಮೂಳೆಯ ಹಿಂದೆ ಮೊಣಕೈ ಊರಿದ್ದೇ ತಡ, ಅವನು ಕಿಟಾರನೆ ಕಿರುಚಿದ. ಒಳಗಿನಿಂದ ತಾಯಿ ಸೌಟು ಹಿಡಿದುಕೊಂಡೇ ಓಡಿ ಬಂದರು.

ಮುರಿದ ಕಾಲು ಸುಧಾರಿಸಿಕೊಳ್ಳುವವರೆಗೆ ಇಡೀ ಆಳನ್ನು ಹೊತ್ತದ್ದು ಬಲಗಡೆ. ನಿಲ್ಲುವಾಗ, ಏಳುವಾಗ, ಔಷಧಿ ಅಂಗಡಿಗೆ ನಡೆಯುವಾಗ ಎಲ್ಲ ಭಾರವೂ ಅದರ ಮೇಲೆಯೇ. ಹೊತ್ತು ಹೊತ್ತು ಅದು ಈಗ ಜಖಂ ಆಗಿದೆ. ನಾಲ್ಕು ವರ್ಷದಲ್ಲಿ ತಾನು ಅದನ್ನು ಒಮ್ಮೆಯೂ ಒತ್ತಿರಲಿಲ್ಲ, ಅದು ಚೆನ್ನಾಗಿದೆಯಲ್ಲ ಎಂದು ಬಿಟ್ಟಿದ್ದಳು. ಭಾರವೆಲ್ಲ ಹೊತ್ತದ್ದನ್ನು ಯಾರೂ ವಿಚಾರಿಸಿರಲಿಲ್ಲ, ತನ್ನನ್ನೂ ಹಾಗೆಯೇ. ಅವನ ಸೊಂಟದ ಮೇಲೆ ಕೈಯಿಟ್ಟುಕೊಂಡೇ ಸೊಸೆಗೆ ತನ್ನ ಮೇಲೆ ಕನಿಕರ ಉಕ್ಕಿ ಬಂತು. ಇಷ್ಟು ದಿನದಲ್ಲಿ ಮೊದಲ ಸಲ.

"ಎಡಗಾಲು ಚೆನ್ನಾಗಿದೆ," ಎಂದಳು. "ನೋವು ಇಲ್ಲಿಂದ ಬರ್ತಿರೋದು. ಸರಿಹೋಗುತ್ತೆ, ಸ್ವಲ್ಪ ದಿನ ಹಿಡಿಯುತ್ತೆ."

ಅವನ ಮುಖ ಅರಳಿತು. "ಹಾಗಾದ್ರೆ ನಾಳೆನೇ ಬ್ಯಾಗು ತಂದ್ಬಿಡ್ತೀನಿ. ನೀನು ಆ ಕೆಲಸ ಗಿಲಸ ಬಿಟ್ಬಿಡು, ಯಾರ್ಯಾರದೋ ಮೈ ಮುಟ್ಕೊಂಡು ಯಾಕೆ ಬೇಕು? ಔಷಧಿ ಅಂಗಡಿಯದು ಮುಗೀತು ಅಂದ್ಕೋ. ಅವಳಿಗೆ ಮನುಷ್ಯರನ್ನ ನೋಡ್ಕೊಳ್ಳೋದೇ ಗೊತ್ತಿಲ್ಲ."

ಅವನು ಕೆಟ್ಟವನಂತೆ ಹೇಳಲಿಲ್ಲ. ಉದಾರವಾಗಿ, ಪ್ರೀತಿಯಿಂದಲೇ ಹೇಳಿದ. ತಪ್ಪಾಯಿತು ಎಂಬ ಒಂದು ಮಾತು ಅದರಲ್ಲೆಲ್ಲೂ ಇರಲಿಲ್ಲ; ಹೇಳಬೇಕೆಂದು ಅವನಿಗೆ ಹೊಳೆದೂ ಇರಲಿಲ್ಲ. ನೀನು ಹೇಗಿದ್ದೀಯ ಎಂದಾದರೂ ಕೇಳುತ್ತಾನೇನೋ ಎಂದು ಸೊಸೆ ಎಣ್ಣೆಯ ಕೈ ಒರೆಸಿಕೊಳ್ಳುತ್ತ ಕಾದಳು. ಅವನು ಟೀ ಕೇಳಿದ.

"ಮಂಗಳವಾರ ಕೇಂದ್ರಕ್ಕೆ ಬನ್ನಿ," ಎಂದಳು. "ಅಲ್ಲಿ ಪೈಲ್ವಾನ್ ಅಂತ ಇದ್ದಾರೆ, ಅವರು ಮಾಡ್ತಾರೆ. ನಾನು ಮಾಡಲ್ಲ."

ಅವನು ಬಾಯಿ ತೆರೆದ. ಅವನಿಗಿಂತ ಮೊದಲು ತಾಯಿಯ ಬಾಯಿ ತೆರೆಯಿತು. "ಕಟ್ಕೊಂಡ ಗಂಡನ್ನ ಬೇರೆಯವರ ಕೈಗೆ ಕೊಡ್ತೀಯೇನೇ?"

"ಕೊಟ್ಟು ಆಗಿದೆಯಲ್ಲ ಅತ್ತೆ," ಎಂದಳು ಸೊಸೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಮುಖ ಊದಿಸಿಕೊಂಡು ಟೀ ಕುಡಿದು ಹೊರಟ. ಅವತ್ತು ಅತ್ತೆ ಊಟ ಮಾಡಲಿಲ್ಲ. ಸೊಸೆಯೂ ಬಲವಂತ ಮಾಡಲಿಲ್ಲ.

ಮಂಗಳವಾರ ಅವನು ಬರುವುದಿಲ್ಲ ಎಂದೇ ಅವಳು ನಂಬಿದ್ದಳು. ನೋವು ಎಂಥವರ ಹಮ್ಮನ್ನೂ ಮೆಟ್ಟಿಲು ಹತ್ತಿಸುತ್ತದೆ, ಅವನು ಬಂದ. ಆ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಗಿರಾಕಿ ಹೋಗುವಾಗ, ಮೊದಲು ಮುಟ್ಟಿದವರು ಮಲಗಿದವರ ಕಾಲ ಬಳಿ ನಿಂತು ಆ ಮೈಯ ಬಗ್ಗೆ ಗೊತ್ತಿರುವುದನ್ನು ಬಾಯಿಬಿಟ್ಟು ಹೇಳಬೇಕು. ಅದನ್ನು ಒಪ್ಪಿಸುವುದು ಎನ್ನುತ್ತಿದ್ದರು. ಒಪ್ಪಿಸಿದ ಮೇಲೆ ಅವರು ಮತ್ತೆ ಆ ಗಿರಾಕಿಯನ್ನು ಮುಟ್ಟುವಂತಿರಲಿಲ್ಲ. ಇಬ್ಬರ ಕೈ ಬಿದ್ದರೆ ಮೈ ಗಲಿಬಿಲಿಯಾಗುತ್ತದೆ ಎಂಬುದು ದೊಡ್ಡಕ್ಕನ ಕಟ್ಟಪ್ಪಣೆ.

ಅವನು ಬೋರಲು ಮಲಗಿ ಮುಖವನ್ನು ತೂತಿಗಿಟ್ಟಿದ್ದ. ಅವನಿಗೆ ಕಾಣುತ್ತಿದ್ದದ್ದು ನೆಲ ಮಾತ್ರ. ಪೈಲ್ವಾನ ಕೈಕಟ್ಟಿ ತಲೆಬಗ್ಗಿಸಿ ನಿಂತ. ದೊಡ್ಡಕ್ಕ ಪರದೆಯ ಅಂಚು ಹಿಡಿದಿದ್ದಳು.

"ಎಡತೊಡೆಯಲ್ಲಿ ಕಂಬಿ ಇದೆ," ಎಂದು ಸೊಸೆ ಶುರು ಮಾಡಿದಳು. "ಅಲ್ಲೇ ನೋವು ಅಂತಾರೆ, ನಂಬಬೇಡಿ. ನೋವು ಬಲಸೊಂಟದ ಹಿಂದೆ, ಆಳದಲ್ಲಿ. ಒಂದೇ ಸಲ ಜೋರು ಬೇಡ. ಎಣ್ಣೆ ಬೆಚ್ಚಗಿರಲಿ, ತಣ್ಣಗಿದ್ರೆ ಬೆಚ್ಚಿ ಬೀಳ್ತಾರೆ. ಪಾದಕ್ಕೆ ಕಚಗುಳಿ ಜಾಸ್ತಿ."

"ಇನ್ನೇನಾದ್ರೂ?" ಎಂದ ಪೈಲ್ವಾನ.

ಇತ್ತು. ಬೇಕಾದಷ್ಟಿತ್ತು. ನೋವು ಕರಗತೊಡಗಿದಾಗ ಅವನು ಮೂಗಿನಲ್ಲೇ ಸಣ್ಣಗೆ, ರಾಗವೂ ಅಲ್ಲದ ಮಾತೂ ಅಲ್ಲದ ಒಂದು ಗುಂಯ್ ಎನ್ನುವ ಸದ್ದು ಮಾಡುತ್ತಿದ್ದ. ಎಷ್ಟೇ ದಣಿದಿದ್ದರೂ ಆ ಸದ್ದು ಕೇಳಲೆಂದೇ ಅವಳು ಇನ್ನೂ ಸ್ವಲ್ಪ ತಿಕ್ಕುತ್ತಿದ್ದಳು. ಬಾಯಿಬಿಟ್ಟು ಹೇಳಲಾರದವನು ತನಗೆ ಹೇಳುವ ಪ್ರೀತಿಯ ಮಾತು ಅದು ಎಂದುಕೊಂಡಿದ್ದಳು. ಆ ನಾಲ್ಕು ವರ್ಷವನ್ನು ಅದರ ಬಲದ ಮೇಲೆಯೇ ಕಳೆದಿದ್ದಳು. ಪೈಲ್ವಾನನ ಕೆಲಸಕ್ಕೆ ಅದು ಬೇಕಾಗಿರಲಿಲ್ಲ.

"ಅಷ್ಟೇ," ಎಂದಳು.

ದೊಡ್ಡಕ್ಕ ಪರದೆ ಎಳೆದಳು. ಸೊಸೆ ಟವೆಲ್ಲಿನ ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಕೆಳಗೆ ಯಾರೋ ಟೈರು ಬಡಿಯುತ್ತಿದ್ದರು. ಆ ಬಡಿತ ನಿಂತಾಗ ಅವಳಿಗೆ ಅದು ಕೇಳಿಸಿತು. ಪರದೆಯ ಆಚೆಯಿಂದ, ಮೂಗಿನಲ್ಲೇ, ಸಣ್ಣಗೆ. ಪೈಲ್ವಾನನ ದಪ್ಪ ಕೈಗಳ ಕೆಳಗೆ ಅವನು ಥೇಟ್ ಹಾಗೆಯೇ ಗುಂಯ್ ಎನ್ನುತ್ತಿದ್ದ. ಒಂದಿಷ್ಟೂ ಹೆಚ್ಚಿಲ್ಲ, ಒಂದಿಷ್ಟೂ ಕಡಿಮೆಯಿಲ್ಲ.

ಅದು ಯಾರಿಗೂ ಹೇಳಿದ ಮಾತಾಗಿರಲಿಲ್ಲ. ನೋವು ಇಳಿದರೆ ಆ ಮೈ ಹಾಗೆ ಸದ್ದು ಮಾಡುತ್ತದೆ, ಅಷ್ಟೇ. ಅವಳು ಕೊನೆಯವರೆಗೂ ಕೂತು ಕೇಳಿದಳು. ಅಳು ಬರುತ್ತದೇನೋ ಎಂದು ಕಾದಳು, ಬರಲಿಲ್ಲ. ಮೈಯೆಲ್ಲ ಸೋತು, ಬೆನ್ನು ಗೋಡೆಗೆ ತಾನಾಗಿ ಒರಗಿತು. ಎಷ್ಟೋ ವರ್ಷಗಳಿಂದ ಹೀಗೆ ಒರಗಿ ಕೂತಿರಲಿಲ್ಲ.

ದೊಡ್ಡಕ್ಕ ಬಾಗಿಲಲ್ಲಿ ಇಣುಕಿದಳು. "ಎರಡನೇ ಟೇಬಲ್ಲಿಗೆ ಹೊಸಬರು ಬಂದಿದ್ದಾರೆ. ಬ್ಯಾಂಕಿನವರಂತೆ, ಕತ್ತು ತಿರುಗಿಸೋಕೆ ಆಗ್ತಿಲ್ಲ," ಎಂದಳು. ಆಮೇಲೆ, "ನಾಳೆ?" ಎಂದು ಕೇಳಿದಳು.

"ಬರ್ತೀನಿ ಅಕ್ಕ," ಎಂದಳು ಸೊಸೆ. ಎದ್ದು, ಬಿಸಿನೀರಿನ ಪಾತ್ರೆಯಿಂದ ಎಣ್ಣೆಯ ಬಟ್ಟಲು ತೆಗೆದುಕೊಂಡು, ಎರಡನೇ ಪರದೆ ಸರಿಸಿದಳು. ಹೊಸ ಹೆಂಗಸಿನ ಬೆನ್ನಿನ ಮೇಲೆ ಅಂಗೈ ಇಟ್ಟು, "ಎಲ್ಲಿ ನೋವು, ಹೇಳಿ," ಎಂದು ಕೇಳಿದಳು.